ಹಸಿ ಸಂಪತ್ತು

ಮಾನಮ್ಮ ತರಬೇತಿಗೆ ಕಮಲಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಬಸ್ಸಿಳಿದವಳೇ ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮನೆಮನೆಯ ಕಸ ಹೊತ್ತು ಎದೆ ಹಾಳಾಗಿತ್ತು. ಕೆಮ್ಮು ಹೆಚ್ಚಾದಾಗ ಗುತ್ತಿಗೆದಾರ ಕೆಲಸ ಬಿಡಿಸಿದ. ಅಡಿಗೆ ಕೆಲಸ ಕೇಳಲು ಹೋದರೆ, "ಕಸದಾಕಿ ಅಲ್ಲೇನು ನೀ?" ಎಂದು ಬಾಗಿಲು ಹಾಕಿದರು.

ಯಾರೂ ಕೆಲಸ ಕೊಡದ ನಮ್ಮಂಥವರಿಗಾಗಿ ಶರಣಸಿರಸಗಿ ಹತ್ತಿರ ಒಂದು ಸಂಸ್ಥೆ ಸಾವಯವ ತೋಟದ ತರಬೇತಿ ಶುರುಮಾಡಿತ್ತು. ನಾನು ನಾಗರತ್ನಾ, ಒಂದು ಕಾಲು ಸೊಟ್ಟ. ಗುಲ್ಶನ್ ಜೈಲಿನಿಂದ ಬಂದವಳು. ತರಬೇತಿ ಮುಗಿದ ಮೇಲೆ ಖೂಬಾ ಪ್ಲಾಟಿನಲ್ಲಿ ಸಂಸ್ಥೆಯದೇ ಕಾಯಿಪಲ್ಲೆ ಅಂಗಡಿ ತೆರೆಯುವುದಿತ್ತು. ಅಲ್ಲಿ ಮಾನಮ್ಮನೇ ಕೂಡಬೇಕು ಎಂದು ತರಬೇತಿ ಕೊಡುವ ವಿವೇಕಾನಂದ ಸರ್ ಎಲ್ಲರೆದುರು ಹೇಳಿದ್ದರು. ಆಕೆ ಬೆಳೆದ ಪುಂಡಿಪಲ್ಲೆಯ ಸೊಪ್ಪು ಅಷ್ಟು ಸೊಗಸಾಗಿತ್ತು.

ಗೊಬ್ಬರಕ್ಕೆ ಬರುವ ಅಡಿಗೆಮನೆಯ ಹಸಿ ಕಸವನ್ನು ಸರ್ ನಮಗೆ ಕಸ ಎನ್ನಗೊಡುತ್ತಿರಲಿಲ್ಲ. "ಹಸಿ ಸಂಪತ್ತು ಅನ್ರಿ. ಅದರಿಂದನೇ ಗೊಬ್ಬರ."

"ಹೆಸರು ಬದಲಾದ್ರ ನಾತ ಹೋಗತದೇನ್ರಿ ಸರ?" ಎಂದು ಗುಲ್ಶನ್ ಕೇಳಿದರೆ ಅವರೂ ನಗುತ್ತಿದ್ದರು. ಅವರನ್ನು ಕೆಟ್ಟ ಮನುಷ್ಯ ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ಒಂದು ದಿನ ಮಾರುವುದನ್ನು ಕಲಿಸಿದರು. "ಮಾನಮ್ಮಾ, ಗಿರಾಕಿನ್ನ ಕರಿ ನೋಡಾಮು."

ಮಾನಮ್ಮ ಸೆರಗು ಬಿಗಿದು ದನಿ ಎತ್ತಿದಳು. "ಕಸಾ ಹಾಕ್ರೆವ್ವಾ, ಕಸಾ!"

ನಾವು ಬಿದ್ದು ಬಿದ್ದು ನಕ್ಕೆವು. ಆಕೆಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನನ್ನ ಬಾಯಿಗಿ ಬೆಂಕಿ ಹತ್ಲಿ!"

ಅಂಗಡಿ ತೆರೆಯುವ ಹಿಂದಿನ ದಿನ ಸರ್ ಕೆಲಸ ಹಂಚಿದರು. ಅಂಗಡಿಗೆ ನಾನು. ತೋಟಕ್ಕೆ ಗುಲ್ಶನ್. ಖೂಬಾ ಪ್ಲಾಟಿನ ಹಸಿ ಸಂಪತ್ತು ತರಲು ಮಾನಮ್ಮ.

"ಅಂದ್ರ ಕಸಾ ಹೊರೋದೇನ್ರಿ ಸರ?"

"ಕಸ ಅಲ್ಲ ಮಾನಮ್ಮಾ..."

"ಅವೇ ಮನಿ. ಅವೇ ಬಕೀಟು."

"ಅಲ್ಲಿ ಮಂದಿಗಿ ನಿನ್ನ ಗುರ್ತದ. ನೀ ಮುಟ್ಟಿದ್ದು ತಗೋತಾರೇನು? ನಾ ಹಂಗಿಲ್ಲ, ಮಂದಿ ಹಂಗದಾರ. ಅವತ್ತು ನೀನೇ ಕಸಾ ಅಂತ ಒದರಿದೆಲ್ಲ? ಅಂಗಡ್ಯಾಗ ಬಾಯಿ ತಪ್ಪಿದ್ರ?"

ಅವತ್ತು ನಕ್ಕವರು ನಾವು. ಯಾರೂ ತಲೆ ಎತ್ತಲಿಲ್ಲ.

"ಮತ್ತ ನನಗ ಕಲಿಸಿದ್ದು ಏನ್ರಿ?"

"ಹೊಸಾ ಗಾಡಿ ಅದ. ಕೈಗವಸು ಕೊಡತೀವಿ," ಎಂದರು ಸರ್.

ಮರುದಿನ ಅಂಗಡಿಯಲ್ಲಿ ಕೂತೆ. ಮಾನಮ್ಮ ಖಾಲಿ ಗಾಡಿ ತಳ್ಳಿಕೊಂಡು ಬಂದು ಎದುರು ನಿಂತಳು. ಈ ಕೆಲಸ ಹೋದರೆ ನನಗೆ ಬೇರೆ ಕೆಲಸವಿಲ್ಲ. ಕೂತೇ ಇರೋಣ ಅನಿಸಿತು. ಆದರೂ ಎದ್ದು ಜಾಗ ಬಿಟ್ಟೆ. ಮಾನಮ್ಮ ಕೈ ತೊಳೆದು ಬಂದು ಕೂತಳು.

"ಏನಾಟ ಇದು?" ಸರ್ ಓಡಿ ಬಂದರು.

ತೋಟದಿಂದ ಬುಟ್ಟಿ ತಂದಿದ್ದ ಗುಲ್ಶನ್ ಅಡ್ಡ ನಿಂತಳು. "ಆಕಿನ್ನ ಎಬ್ಬಿಸಿದ್ರ ನಾವೂ ಹೋಗತೀವ್ರಿ. ಬುಟ್ಟಿ ನೀವೇ ಹೊರ್ರಿ."

ಎದುರು ಮನೆಯ ಶಂಕ್ರಮ್ಮ ಬಂದು ಪುಂಡಿಪಲ್ಲೆಯ ಪೆಂಡಿ ಎತ್ತಿ ಮೂಸಿದರು. "ಛಲೋ ಅದ. ಯಾರು ಬೆಳ್ದಾರ?"

"ನಾನೇ ರೀ," ಎಂದಳು ಮಾನಮ್ಮ.

ಶಂಕ್ರಮ್ಮ ಆಗ ಮುಖ ನೋಡಿದರು. ಪೆಂಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಬೆರಳುಗಳನ್ನು ಸೀರೆಗೆ ಒರೆಸಿಕೊಂಡು ಹೊರಟರು.

"ನೋಡಿದ್ರಿಲ್ಲ?" ಎಂದರು ಸರ್.

ಮಾನಮ್ಮ ಆ ಪೆಂಡಿಯ ಮೇಲೆ ನೀರು ಚಿಮುಕಿಸಿ, ಅದನ್ನೇ ಎಲ್ಲದರ ಮುಂದಿಟ್ಟಳು. ಶಂಕ್ರಮ್ಮನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿದಳು.

"ನಿಮಗೇನು ಬೇಕ್ರೀ?"