ಮೊದಲ ತಟ್ಟೆ

ಜೂನ್ ಹತ್ತೊಂಬತ್ತು ಗುಲಾಮಗಿರಿಯಿಂದ ನಮ್ಮ ಬಿಡುಗಡೆಯ ದಿನ. ಟೆಕ್ಸಸ್‌ನ ನಮ್ಮೂರಿನ ಕರಿಯರೆಲ್ಲ ಅಂದು ಪೆಕನ್ ಮರಗಳ ತೋಪಿನಲ್ಲಿ ಸೇರುತ್ತೇವೆ. ಬೆಳಗಿನಿಂದ ಕೆಂಡದ ಗುಂಡಿಯಲ್ಲಿ ಮಾಂಸ ಬೇಯುತ್ತದೆ, ಕೆಂಪು ಬಣ್ಣದ ಸೋಡಾ ಕುಡಿದ ಮಕ್ಕಳ ನಾಲಿಗೆ ಕೆಂಪಾಗಿರುತ್ತದೆ. ಆದರೆ ಮಾಂಸದ ಮೊದಲ ತಟ್ಟೆ ನಮಗಲ್ಲ. ಅದು ತೋಪಿನ ಒಡೆಯ ಪ್ರಿಚರ್ಡ್ ದೊರೆಯ ಮನೆಯ ಹಿತ್ತಿಲ ಬಾಗಿಲಿಗೆ ಹೋಗಬೇಕು. ನಮ್ಮ ಹಿರಿಯರನ್ನು ಗುಲಾಮರಾಗಿ ದುಡಿಸಿದವನು ಅವನ ತಾತನೇ. ನನ್ನ ಮುತ್ತಜ್ಜಿ ಆ ಮನೆಯಲ್ಲಿ ಅಡುಗೆಯವಳಾಗಿದ್ದಳೆಂದು ತಟ್ಟೆ ಹೊರುವ "ಮರ್ಯಾದೆ" ನಮ್ಮ ಮನೆಯ ಹೆಂಗಸರದು. ಅಮ್ಮ ಹೊತ್ತಳು. ಹತ್ತೊಂಬತ್ತು ವರ್ಷ ನಾನು ಹೊತ್ತೆ. ದೊರೆ ಒಮ್ಮೆಯೂ ಬೇಕೆಂದು ಹೇಳಿಕಳಿಸಿದವನಲ್ಲ. ನಾವೇ ಹೆದರಿ ನಾವೇ ಹೊರುತ್ತಿದ್ದೆವು. ನಮ್ಮಂಥ ಮೂರ್ಖರು ಇನ್ನೆಲ್ಲಿದ್ದಾರೋ ನನಗೆ ತಿಳಿಯದು.

ಈ ವರ್ಷ ಮಗಳು ವೀನಿಗೆ ಹನ್ನೊಂದು ತುಂಬಿತು. ಶಾಲೆಯ ಮಕ್ಕಳೊಡನೆ ಮನೆಮನೆಗೆ ಹೋಗಿ, ಮುದುಕಿಯರ ಮುಂದೆ ಕೂತು, ಆ ಜಮೀನಿನಲ್ಲಿ ಗುಲಾಮರಾಗಿದ್ದ ನಲವತ್ತೊಂದು ಜನರ ಹೆಸರು ಬರೆದುಕೊಂಡಿದ್ದಳು. ಊಟಕ್ಕೆ ಮೊದಲು ಓದುವುದೆಂದು ಮಾತಾಗಿತ್ತು.

ಚರ್ಚಿನ ಹಿರಿಯ ಅಲೋಂಜೊ ಮಾವ ಅವಳ ಕೈಯಿಂದ ಹಾಳೆ ತೆಗೆದು ಬೆಂಚಿನ ಮೇಲಿಟ್ಟು ತಟ್ಟೆ ಕೊಟ್ಟರು.

"ಓದೋದೆಲ್ಲ ಊಟ ಆದ್ಮೇಲೆ. ಮೊದ್ಲು ಇದನ್ನ ಕೊಟ್ಟು ಬಾ ಪುಟ್ಟಿ. ಇನ್ಮೇಲೆ ಇದು ನಿಂದೇ ಕೆಲ್ಸ."

"ಊಟ ಆದ್ಮೇಲೆ ನೀವೆಲ್ಲ ಗೊರಕೆ ಹೊಡೀತೀರಲ್ಲ ಮಾವ," ಎಂದೆ. "ಹೋದ ವರ್ಷ ಮಕ್ಕಳ ಪದ್ಯಕ್ಕೂ ಹಿಂಗೇ ಅಂದ್ರಿ. ಯಾರು ಕೇಳಿದ್ರು?"

"ಬಾಯಿ ಮುಚ್ಚೇ ಓಜೆಲ್ಲಾ. ಜಾಗ ಅವರದು. ಗೇಟಿಗೆ ಬೀಗ ಜಡಿದ್ರೆ ನಿನ್ನ ಅಡುಗೆಮನೇಲಿ ಹಬ್ಬ ಮಾಡ್ತೀಯಾ? ಒಂದು ತಟ್ಟೆ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಮಗು ಇದರಿಂದ ಏನು ಕಲೀತಾಳೆ?"

"ಬದುಕೋದನ್ನ ಕಲೀತಾಳೆ. ನಾವೆಲ್ಲ ಹಿಂಗೇ ಬದುಕಿಲ್ವಾ?"

ಸುತ್ತ ನಿಂತವರು ಹೂಂಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ವೀನಿ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಹೋಗಿದ್ದಳು. ತಲೆ ತಗ್ಗಿಸಿದ್ದಳು. ತಗ್ಗಿಸೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿಯೇ ಕಲಿತಿದ್ದಳು.

ಓಡಿಹೋಗಿ ತಟ್ಟೆ ಕಿತ್ತುಕೊಂಡೆ. ಬೆಂಚಿನ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆಯೇ ತಿಂದೆ. ರುಚಿ ಗೊತ್ತಾಗಲಿಲ್ಲ.

"ಏನ್ ಮಾಡ್ದೆ ಹುಚ್ಚಿ! ನಾಳೆನೇ ಬೀಗ ಬೀಳುತ್ತೆ!" ಎಂದು ಮಾವ ಕೂಗಿದರು.

"ಬೀಳ್ಲಿ ಮಾವ. ಮುಂದಿನ ವರ್ಷ ರಸ್ತೇಲಿ ನಿಂತು ಓದ್ತೀವಿ. ವೀನಿ, ಹಾಳೆ ತಗೋ. ಜೋರಾಗಿ ಓದು."

ಅವಳು ಓದತೊಡಗಿದಳು. ಕೆಲವರು ಬೆನ್ನು ತಿರುಗಿಸಿದರು. ಮಾವ ಬೈಯುತ್ತಲೇ ಇದ್ದರು. ಎಂಟನೆಯ ಹೆಸರು ಅವರ ಅಜ್ಜಿಯದು. ಅದು ಕಿವಿಗೆ ಬಿದ್ದದ್ದೇ ಬೈಗುಳ ನಿಂತಿತು. ಅವರು ಟೋಪಿ ತೆಗೆದರು.

"ಇನ್ನೊಂದ್ಸಲ ಓದು ಪುಟ್ಟಿ," ಎಂದರು.