ಕಿತ್ತ ಹೊಸ್ತಿಲು

"ಕಾಲು ಸಡ್ಲ ಬಿಡೋ," ಎನ್ನುತ್ತ ಹಾಲಮ್ಮ ಮಗನ ಪಾದಕ್ಕೆ ಹೊಸ ಬೂಟು ತುರುಕುತ್ತಿದ್ದಳು.

"ಸಡ್ಲ ಬಿಟ್ಟು ಏಳು ವರ್ಷ ಆಯ್ತು ಕಣವ್ವ," ಎಂದ ಲಕ್ಕಣ್ಣ. "ಇನ್ನೆಷ್ಟು ಬಿಡ್ಲಿ?"

ಎಪ್ಪತ್ತಮೂರನೇ ಇಸವಿಯಲ್ಲಿ ಯಗಟಿಯ ತೆಂಗಿನ ಮರದಿಂದ ಬಿದ್ದಾಗ ಅವನ ಸೊಂಟದಿಂದ ಕೆಳಗೆ ಜೀವ ಹೋಗಿತ್ತು. ಉಳಿದ ಜೀವವನ್ನು ಕೈಯೂ ಬಾಯಿಯೂ ಸಮಪಾಲು ಹಂಚಿಕೊಂಡಿದ್ದವು. ಕಡೂರಿನ ವಜೀರ್ ಸಾಬರ ಅಂಗಡಿ ಮೂಲೆಯಲ್ಲಿ ಕೂತು ಮೋಟಾರ್ ವೈಂಡಿಂಗ್ ಕಲಿತ. ಈಗ ಸ್ವಂತ ಅಂಗಡಿ, ಅದರ ಹಿಂದೆಯೇ ಮನೆ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್ಟುಗಳು ಆಸ್ಪತ್ರೆಯ ರೋಗಿಗಳಂತೆ ಅವನೆದುರು ಸಾಲುಗಟ್ಟುತ್ತಿದ್ದವು. ಬೇರಿಂಗ್ ಚಕ್ರದ ಮಣೆಯ ಮೇಲೆ ಕೂತು ಎಲ್ಲೆಂದರಲ್ಲಿ ಓಡಾಡುತ್ತಿದ್ದ. ಮಣೆ ದಾಟಲೆಂದೇ ಮನೆಬಾಗಿಲ ಹೊಸ್ತಿಲು ಕೀಳಿಸಿದ್ದ.

ಆ ಹೊಸ್ತಿಲನ್ನು ಹಾಲಮ್ಮ ಇವತ್ತು ಅಟ್ಟದಿಂದ ಇಳಿಸಿ, ಮತ್ತೆ ಕೂರಿಸಿ, ಅರಿಸಿನ ಬಳಿದಿದ್ದಳು. ಹೊಸ್ತಿಲಿಲ್ಲದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಸಿಂಗಟಗೆರೆಯಿಂದ ಹುಡುಗಿಯ ಅಪ್ಪ ಈರಪ್ಪ, ಅಜ್ಜಿ ಓಬಮ್ಮ ಮನೆ ನೋಡಲು ಬರುವವರಿದ್ದರು. ಮಣೆ ಮಂಚದ ಕೆಳಗೆ ಅಡಗಿತು. ಲಕ್ಕಣ್ಣ ಕುರ್ಚಿ ಏರಿದ. ಮದುವೆ ದಲ್ಲಾಳಿ ಹೆಣ್ಣಿನವರಿಗೆ ಹೇಳಿದ್ದು ಇಷ್ಟೇ: "ಹುಡುಗ ಕೂತಲ್ಲೇ ಸಂಪಾದ್ನೆ ಮಾಡ್ತಾನೆ." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಬಂದವರು ಕಾಲು ತೊಳೆದು ಒಳಗೆ ಬಂದರು. ಲಕ್ಕಣ್ಣ ಕೂತಲ್ಲೇ ಕೈಮುಗಿದ. ಈರಪ್ಪನ ಮುಖ ಗಂಟಾಯಿತು.

"ಹಿರೇರು ಬಂದ್ರೆ ಏಳೋ ಪದ್ಧತಿ ಇಲ್ವೇನಮ್ಮ ನಿಮ್ಮಲ್ಲಿ? ಮನೆವೊಳಗೆ ಬೂಟು ಬೇರೆ."

"ದಣಿದವ್ನೆ ಕಣಣ್ಣ," ಎಂದಳು ಹಾಲಮ್ಮ.

ಓಬಮ್ಮ ಬಗ್ಗಿ ಬೂಟಿನ ಅಟ್ಟೆಯನ್ನೇ ನೋಡುತ್ತಿದ್ದಳು. "ಇದಕ್ಕೆ ಮಣ್ಣೇ ತಾಕಿಲ್ವಲ್ಲೋ ಈರ."

ಲಕ್ಕಣ್ಣ ಅವ್ವನ ಮುಖ ನೋಡಿದ. ಹೇಳಿದರೆ ಇವರು ಎದ್ದು ಹೋಗುತ್ತಾರೆ. ಹೇಳದಿದ್ದರೆ ಆ ಹುಡುಗಿ ಹೋಗಲಾರದೆ ಇಲ್ಲೇ ಅಳುತ್ತಾಳೆ. ಲಕ್ಕಣ್ಣ ಬೂಟು ಕಿತ್ತೆಸೆದ.

"ಅವ್ವ, ಮಣೆ ಕೊಡು."

ಕೈಯೂರಿ ಇಳಿದು, ಗರಗರ ಉರುಳಿಬಂದು ಈರಪ್ಪನ ಪಾದ ಮುಟ್ಟಿದ. "ಕಾಲು ಅವೆ ಯಜಮಾನ್ರೆ, ಕೆಲ್ಸಕ್ಕೆ ಬರಲ್ಲ. ನಮ್ಮ ದಲ್ಲಾಳಿ ಥರ. ಇದ್ದದ್ದು ಇದ್ದಂಗೆ ನಿಮ್ಮ ಮಗಳಿಗೆ ಹೇಳಿ. ಹೂಂ ಅಂದ್ರೆ ಬಂದು ನೋಡ್ತೀನಿ."

ಈರಪ್ಪ ಕಾಫಿ ಮುಟ್ಟದೆ ಎದ್ದ. ಬೀದಿತನಕ ಕಳಿಸಿಕೊಡಲು ಹೊರಟ ಲಕ್ಕಣ್ಣನ ಮಣೆ ಹೊಸ್ತಿಲಿಗೆ ಢಿಕ್ಕಿ ಹೊಡೆದು ನಿಂತಿತು. ಸದ್ದಿಗೆ ಓಬಮ್ಮ ತಿರುಗಿದಳು.

"ದಿನಾ ಹೆಂಗೆ ದಾಟ್ತೀಯೋ ಇದನ್ನ?"

"ನಿಮಗೋಸ್ಕರ ಕೂರ್ಸಿದ್ದು ಅಜ್ಜಿ. ಸಂಜೆಗೆ ಕೀಳ್ತೀನಿ."

"ಹೊಸ್ಲಿಲ್ದ ಮನೆಗೆ ಮದುವಣಗಿತ್ತಿ ಎಲ್ಲಿ ಸೇರು ಒದ್ದು ಬರ್ಬೇಕು?"

"ಎಲ್ಲಾದ್ರೂ ಒದೀಲಿ. ನನ್ನ ಒದೀದಿದ್ರೆ ಸಾಕು."

ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಗನ ಹಿಂದೆ ನಡೆದಳು.

ತಿಂಗಳು ಕಳೆಯಿತು. ಹಾಲಮ್ಮ ಬೂಟುಗಳನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಆಮೇಲೊಂದು ದಿನ ಮೋಟಾರು ಹೊತ್ತು ಬಂದ ಸಿಂಗಟಗೆರೆಯವನೊಬ್ಬ ಹೇಳಿದ: "ಶುಕ್ರವಾರ ಬರ್ಬೇಕಂತೆ. ಈರಪ್ಪೋರ ಮಗಳು ಅಂಜಿನಮ್ಮ ಹೇಳ್ಕಳ್ಸವ್ಳೆ."

ವಜೀರ್ ಸಾಬರು ತಮ್ಮ ಮೆಟಡಾರ್ ವ್ಯಾನಿನಲ್ಲಿ ಕರೆದೊಯ್ದರು. ಈರಪ್ಪನ ಅಂಗಳದಲ್ಲಿ ಮಣೆ ಇಳಿಸಿಕೊಂಡ ಲಕ್ಕಣ್ಣ ಬಾಗಿಲವರೆಗೆ ಉರುಳಿ, ಪರರ ಹೊಸ್ತಿಲೆದುರು ನಿಲ್ಲುವ ರೂಢಿಯಂತೆ ಎರಡೂ ಕೈ ಊರಿ ಮಣೆ ತಡೆದ.

ಪಕ್ಕದ ಗೋಡೆಗೆ ಆ ಬಾಗಿಲಿನ ಹಳೆಯ ಹೊಸ್ತಿಲು ಒರಗಿತ್ತು, ಬೆಳಗಿನ ಅರಿಸಿನದ ಸಮೇತ. ಅದು ಇದ್ದ ಜಾಗಕ್ಕೆ ಮಣ್ಣು ತುಂಬಿ ಸಾರಿಸಿದ್ದರು. ಇನ್ನೂ ಆರದ ಸಗಣಿಯ ಅಂಚಿನಲ್ಲಿ ಬಳೆ ಒತ್ತಿದ ಗುರುತೊಂದಿತ್ತು.