ಭಾವನ ಹೆಸರಿನ ಚೀಟಿ

"ನನಗೆ ಕ್ಷಯಾನಾ?" ಗೊಲ್ಲಪ್ಪ ಅಂಗಳದಲ್ಲೇ ಗಹಗಹಿಸಿ ನಕ್ಕ. "ಏನಪ್ಪ ಮೂರ್ತಪ್ಪ, ಮಾರಿಕಣಿವೆಯಿಂದ ಕುಂಟು ಟಗರು ಹೆಗಲ ಮೇಲೆ ಹೊತ್ಕಂಡು ಬಂದೀನಿ. ಒಂದು ಕೆಮ್ಮು ಬಂದಿಲ್ಲ!"

ಆರೋಗ್ಯ ಇಲಾಖೆಯ ಮೂರ್ತಪ್ಪ ನಗಲಿಲ್ಲ. ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಎಕ್ಸ್‌ರೇ ವ್ಯಾನು ಹರಿಯಬ್ಬೆಗೆ ಬಂದು, ದೊಡ್ಡವರೆಲ್ಲರ ಎದೆಯ ಫೋಟೋ ತೆಗೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು. "ಬಲಗಡೆ ಶ್ವಾಸಕೋಶದಾಗೆ ತೂತು ಬಿದ್ದೈತಂತೆ. ಚೀಟಿಯಾಗೆ ನಿಮ್ಮ ಹೆಸರೇ ಐತೆ, ನೋಡ್ರಿ."

"ಅವತ್ತು ನಾನು ಊರಾಗೇ ಇರಲಿಲ್ಲ ಕಣಪ್ಪ!"

ಒಳಗೆ ಮುದ್ದೆ ತಿರುವುತ್ತಿದ್ದ ಅವನ ಹೆಂಡತಿ ರಂಗಕ್ಕನ ಕೈ ನಿಂತಿತು. ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೂ ಇಡೀ ಜಿಲ್ಲೆಯ ಲೆಕ್ಕ ಕೆಡುತ್ತದೆ ಎಂದು ವ್ಯಾನಿನ ಸಾಹೇಬರು ಅವತ್ತು ಕೂಗಾಡಿದ್ದರು. ಗಂಡ ಕುರಿ ಹಿಂದೆ ಹೋಗಿದ್ದ. ತಾಳ್ಯದಿಂದ ಶೇಂಗಾ ಕೊಡಲು ಬಂದಿದ್ದ ತಮ್ಮ ಕೆಂಚಣ್ಣನ ಅಂಗಿ ಬಿಚ್ಚಿಸಿ, ಭಾವನ ಹೆಸರಲ್ಲಿ ನಿಲ್ಲಿಸಿದವಳು ಅವಳೇ. ಕುರಿ ಹಿಂದೆ ಹೋದವರ ಪಾಲಿನ ಪ್ರಸಾದವನ್ನು ಮನೆಯವರು ಯಾರಾದರೂ ಈಸಿಕೊಳ್ಳುವುದು ಇದ್ದದ್ದೇ. ಇದೂ ಹಾಗೇ ಎಂದುಕೊಂಡಿದ್ದಳು ಮಹಾತಾಯಿ.

ಈಗ ಹಿಟ್ಟಿನ ಕೈಯಲ್ಲೇ ಹೊರಗೋಡಿ ಬಂದಳು. "ಅದು ನನ್ನ ತಮ್ಮ ಕಣ್ರಿ! ನಾನೇ ನಿಲ್ಸಿದ್ದೆ!"

ಗೊಲ್ಲಪ್ಪನ ನಗು ಬಾಯಲ್ಲೇ ಉಳಿಯಿತು. ಮೂರ್ತಪ್ಪ ಹಣೆ ಹಣೆ ಚಚ್ಚಿಕೊಂಡ. "ಆಗ್ಲೇ ಎರಡು ತಿಂಗಳು ದಂಡ ಆಗೈತೆ ಕಣಮ್ಮ. ಬೇಗ ಕರ್ಕಂಡು ಬರ್ರಿ. ಔಷಧಿ ತಗಂಡ್ರೆ ಉಳಿತಾರೆ."

ಮಾರನೆಯ ದಿನ ಎರಡು ಬಸ್ಸು ಬದಲಿಸಿ ತಾಳ್ಯ ಮುಟ್ಟುವವರೆಗೂ ರಂಗಕ್ಕ ಮನಸ್ಸಿನಲ್ಲಿ ಮಾತು ಕೂಡಿಸುತ್ತಲೇ ಇದ್ದಳು. ಎದುರಾದ ಕೆಂಚಣ್ಣನ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಇಷ್ಟು ದಿನ ತನ್ನ ಕಣ್ಣಿಗೇನಾಗಿತ್ತು? ಕಣ್ಣೊರೆಸಿಕೊಂಡು, ಮಾತಿನ ಬದಲು ಮೂರ್ತಪ್ಪನ ಚೀಟಿಯನ್ನೇ ಕೊಟ್ಟಳು.

ಅವನು ಅಕ್ಷರ ಕೂಡಿಸಿಕೊಂಡು ಓದಿದ. "ಅಯ್ಯೋ, ಭಾವಂಗೆ ಹಿಂಗಾತಾ?" ಎಂದವನಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಒಳಗೆ ಹೋಗಿ, ಟವೆಲಿನ ತುದಿಯಲ್ಲಿ ಆರು ಮೊಟ್ಟೆ ಕಟ್ಟಿ ತಂದ. "ಅಳಬೇಡ ಸುಮ್ನಿರಕ್ಕ. ದಿನಾ ಒಂದು ತಿನ್ಸು. ಭಾವಂದು ಕಲ್ಲಿನಂಥ ಮೈ, ಏನೂ ಆಗಲ್ಲ."

ರಂಗಕ್ಕ ಗಂಟು ಬಿಚ್ಚಿದಳು. ಒಂದು ಮೊಟ್ಟೆ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಅವತ್ತು ವ್ಯಾನಿನಾಗೆ ನಿಂತಿದ್ದು ಯಾರು ಹೇಳು, ಕೆಂಚ?"

ಕೆಂಚಣ್ಣ ತನ್ನ ಮುಷ್ಟಿಯನ್ನೇ ನೋಡುತ್ತ ನಿಂತ. ಮೊಟ್ಟೆ ಇನ್ನೂ ಬೆಚ್ಚಗಿತ್ತು.